ಅಥೀನಾಳ ಸೀರೆ, ಯಲ್ಲವ್ವನ ಚೌಡಿಕೆ

ಗ್ರೀಕರ ಅಥೀನಾ ದೇವಿಗೆ ಸೀರೆ ಏರಿಸುವ ಪದ್ಧತಿ ಇತ್ತು ಎಂದರೆ ನಮ್ಮ ಕಡೆಯವರು ಯಾರೂ ಬೆರಗಾಗುವುದಿಲ್ಲ. ದೇವಿ ಅಂದಮೇಲೆ ಸೀರೆ ಬೇಕಲ್ಲ! ಅವರದು ನಮ್ಮ ಹದಿನೆಂಟು ಮೊಳದ ಸೀರೆ ಅಲ್ಲ, ಪೆಪ್ಲೋಸ್ ಅನ್ನುವ ಉಣ್ಣೆಯ ಉಡುಪು. ಆಥೆನ್ಸ್ ಊರಿನಲ್ಲಿ ವರ್ಷಾ ದೇವಿಯ ಜಾತ್ರೆ ಆಗುತ್ತಿತ್ತು, ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಜಾತ್ರೆ. ಈ ದೊಡ್ಡ ಜಾತ್ರೆ ಶುರುವಾದದ್ದು ಕ್ರಿ.ಪೂ. 566ರ ಸುಮಾರಿಗೆ. ಜಾತ್ರೆಗೆ ಇನ್ನೂ ಒಂಬತ್ತು ತಿಂಗಳು ಇರುವಾಗಲೇ ಮಗ್ಗ ಹೂಡುತ್ತಿದ್ದರು. ಏಳರಿಂದ ಹನ್ನೊಂದು ವಯಸ್ಸಿನ ಸಣ್ಣ ಹುಡುಗಿಯರು ಕೈ ಹಚ್ಚಬೇಕು, ಅವರಿಗಿಂತ ದೊಡ್ಡ ಹುಡುಗಿಯರು ಕೆಲಸ ಮುಂದುವರಿಸಿ ಮುಗಿಸಬೇಕು. ಕೇಸರಿ ಬಣ್ಣದ ಬಟ್ಟೆ, ಅದರ ಮೇಲೆ ದೇವತೆಗಳಿಗೂ ದೈತ್ಯರಿಗೂ ನಡೆದ ಯುದ್ಧದ ಚಿತ್ರ. ಉಡುವವಳು ಬಂಗಾರದ ದೊಡ್ಡ ಮೂರ್ತಿಯಲ್ಲ, ಅದಕ್ಕಿಂತ ಬಹಳ ಹಳೆಯದಾದ ಆಲಿವ್ ಕಟ್ಟಿಗೆಯ ಸಣ್ಣ ದೇವಿ. ಇದೂ ನಮಗೆ ಗೊತ್ತಿರುವ ಸಂಗತಿಯೇ. ದೇವಸ್ಥಾನ ಎಷ್ಟೇ ದೊಡ್ಡದಾಗಲಿ, ಸತ್ಯುಳ್ಳ ದೇವಿ ಒಳಗಿನ ಹಳೆಯ ಕಲ್ಲೋ ಕಟ್ಟಿಗೆಯೋ ಆಗಿರುತ್ತಾಳೆ.

ಮುಂದಿನ ಕಾಲದಲ್ಲಿ ಆ ಬಟ್ಟೆಯನ್ನು ಗಾಲಿ ಹಚ್ಚಿದ ಹಡಗಿನ ಮೇಲೆ ಹಾಯಿಯಂತೆ ಕಟ್ಟಿ ಊರ ತುಂಬ ಎಳೆಯುತ್ತಿದ್ದರು. ತೇರು ಅನ್ನಿ. ಇದರ ಬಗ್ಗೆ ಪ್ಲುಟಾರ್ಕ್ ಒಂದು ಕಥೆ ಬರೆದಿಟ್ಟಿದ್ದಾನೆ. ಕ್ರಿ.ಪೂ. 307ರಲ್ಲಿ ಡೆಮೆಟ್ರಿಯಸ್ ಅನ್ನುವ ಸೇನಾಪತಿ ಊರನ್ನು ಬಿಡಿಸಿಕೊಟ್ಟ. ಆಥೆನ್ಸಿನ ಮುಖಂಡರಿಗೆ ಭಕ್ತಿ ಉಕ್ಕಿ ಬಂತು. ದೇವಿಯ ಬಟ್ಟೆಯ ಮೇಲೆ ದೇವತೆಗಳ ಜೊತೆಗೆ ಡೆಮೆಟ್ರಿಯಸ್ ಮತ್ತು ಅವನ ಅಪ್ಪ ಆಂಟಿಗೋನಸ್, ಇಬ್ಬರ ಚಿತ್ರವನ್ನೂ ನೇಯಬೇಕೆಂದು ಠರಾವು ಮಾಡಿದರು. ಮೆರವಣಿಗೆ ಕುಂಬಾರರ ಕೇರಿ ದಾಟುವಾಗ ಬಿರುಗಾಳಿ ಎದ್ದು ಬಟ್ಟೆ ನಡುಮಧ್ಯೆ ಹರಿಯಿತಂತೆ. ನಮ್ಮ ಕಡೆ ಜಾತ್ರೆಯಲ್ಲಿ ದೇವರಿಗಿಂತ ದೊಡ್ಡದಾಗಿ ಶಾಸಕರ ಫ್ಲೆಕ್ಸ್ ಕಟ್ಟಿರುವುದನ್ನು ನೋಡಿದಾಗಲೆಲ್ಲ ನನಗೆ ಈ ಗಾಳಿ ನೆನಪಾಗುತ್ತದೆ.

ಇಂಗ್ಲಿಷಿನ ಹಳೆಯ ಪುಸ್ತಕಗಳಲ್ಲಿ ಈ ಪೆಪ್ಲೋಸನ್ನು ಕಸೂತಿ ಹಾಕಿದ ಉಡುಪು ಅಂತಲೇ ಬರೆದಿದ್ದಾರೆ. ಪ್ರಾಚೀನ ಬಟ್ಟೆಗಳನ್ನು ಅಭ್ಯಾಸ ಮಾಡಿದ ಎಲಿಜಬೆತ್ ಬಾರ್ಬರ್ ಅವರ ವಾದ ಬೇರೆ. ಚಿತ್ರ ಸೂಜಿಯಿಂದ ಹಾಕಿದ್ದಲ್ಲ, ಮಗ್ಗದಲ್ಲೇ ಬಣ್ಣದ ಎಳೆ ಸೇರಿಸಿ ನೇಯ್ದದ್ದು ಅನ್ನುತ್ತಾರೆ ಅವರು. ನನಗೆ ಇವರ ಮಾತೇ ಸರಿ ಕಾಣುತ್ತದೆ. ಒಂಬತ್ತು ತಿಂಗಳು ಮಗ್ಗ ಹಿಡಿಯುವ ಕೆಲಸ ಬರೀ ಸಾದಾ ಬಟ್ಟೆಯದಾಗಿರಲಾರದು. ಆದರೆ ನೇಯ್ಗೆಗೂ ಕಸೂತಿಗೂ ನಡುವಿನ ಗೆರೆ ಅಷ್ಟೇನೂ ದಪ್ಪ ಇಲ್ಲ. ನಮ್ಮ ಕಸೂತಿಯ ಒಂದು ಹೊಲಿಗೆಯ ಹೆಸರೇ ನೇಯ್ಗಿ. ಸೂಜಿಯಿಂದ ಹಾಕಿದರೂ ನೋಡುವವರಿಗೆ ಮಗ್ಗದಲ್ಲೇ ಬಂದಂತೆ ಕಾಣಬೇಕು ಅನ್ನುವುದೇ ಅದರ ಹಟ.

ಪಾರ್ಥೆನಾನ್ ದೇವಸ್ಥಾನದ ಸುತ್ತ ಸುಮಾರು 160 ಮೀಟರ್ ಉದ್ದದ ಕಲ್ಲಿನ ಉಬ್ಬುಚಿತ್ರದ ಪಟ್ಟಿ ಇತ್ತು. ಅದು ಇದೇ ಜಾತ್ರೆಯ ಮೆರವಣಿಗೆ ಅಂತ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಉತ್ತರದ ಬದಿಯಲ್ಲಿ ನಾಲ್ವರು ಜೋಡಿಕೊಳಲು ಊದುವವರು, ಹಿಂದೆಯೇ ನಾಲ್ವರು ಕಿಥಾರಾ ನುಡಿಸುವವರು. ಇವತ್ತಿನ ಗಿಟಾರ್ ಅನ್ನುವ ಹೆಸರಿನ ಮೂಲ ಈ ಕಿಥಾರಾ. ಪೂರ್ವದ ಬದಿಯಲ್ಲಿ, ದೇವಸ್ಥಾನದ ಬಾಗಿಲ ಮೇಲೆ, ಒಬ್ಬ ಗಂಡಸು ಮತ್ತು ಒಂದು ಮಗು ಸೇರಿ ಬಟ್ಟೆ ಮಡಚುತ್ತಿದ್ದಾರೆ. ಅದೇ ಪೆಪ್ಲೋಸ್. ನಿಜವಾದ ಬಟ್ಟೆ ಒಂದು ಚೂರೂ ಉಳಿದಿಲ್ಲ. ಕಲ್ಲಿನಲ್ಲಿ ಮಡಚಿದ ಈ ಬಟ್ಟೆ ಮಾತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಂನಲ್ಲಿದೆ.

ಅಥೀನಾ ನೇಯ್ಗೆಯ ದೇವಿಯೂ ಹೌದು, ವಾದ್ಯ ಮಾಡಿದ ದೇವಿಯೂ ಹೌದು. ಜೋಡಿಕೊಳಲನ್ನು ಮೊದಲು ಮಾಡಿದವಳು ಅವಳೇ. ಊದುವಾಗ ಗಲ್ಲ ಉಬ್ಬಿ ಮುಖ ಕೆಟ್ಟದಾಗುವುದನ್ನು ನೀರಿನಲ್ಲಿ ಕಂಡು ಬೀಸಿ ಒಗೆದಳು, ಮಾರ್ಸಿಯಾಸ್ ಅನ್ನುವವನು ಎತ್ತಿಕೊಂಡು ಮುಂದೆ ಅದರಿಂದಲೇ ಪ್ರಾಣ ಕಳೆದುಕೊಂಡ ಅಂತ ಕಥೆ. ಮೈರನ್ ಎಂಬ ಶಿಲ್ಪಿ ಇದನ್ನು ಮೂರ್ತಿ ಮಾಡಿದ್ದ. ಇನ್ನೊಂದು ವಾದ್ಯ ಲೈರ್. ಅದನ್ನು ಮಾಡಿದವನು ಹರ್ಮೀಸ್, ಅದೂ ಹುಟ್ಟಿದ ದಿನವೇ. ಬಾಗಿಲಲ್ಲಿ ಸಿಕ್ಕ ಆಮೆಯನ್ನು ಕೊಂದು, ಚಿಪ್ಪಿಗೆ ಎತ್ತಿನ ಚರ್ಮ ಬಿಗಿದು, ಕುರಿಯ ಕರುಳಿನ ಏಳು ತಂತಿ ಎಳೆದ.

ಸತ್ತ ಪ್ರಾಣಿಯ ಮೈಯಿಂದ ಎದ್ದುಬಂದ ತಂತಿಯ ಈ ಕಥೆ ಓದುವಾಗ ನನಗೆ ಸವದತ್ತಿಯ ಗುಡ್ಡ ಕಂಡಿತು.

ನಾನು ಖಾನಾಪುರ ತಾಲೂಕಿನವನು. ಮಲಪ್ರಭಾ ಹುಟ್ಟುವುದು ನಮ್ಮ ತಾಲೂಕಿನ ಕಣಕುಂಬಿಯಲ್ಲಿ. ಖಾನಾಪುರ ಪೇಟೆಯ ಪಕ್ಕದಲ್ಲೇ ಹರಿದು, ಪೂರ್ವಕ್ಕೆ ಬಯಲಿಗೆ ಇಳಿದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಆ ಜಲಾಶಯದ ಹೆಸರು ರೇಣುಕಾ ಸಾಗರ. ರೇಣುಕೆ ದಿನಾ ಇದೇ ಹೊಳೆಯ ಉಸುಕಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ನೀರು ತರುತ್ತಿದ್ದಳು ಅನ್ನುತ್ತಾರೆ. ಒಂದು ದಿನ ಮನಸ್ಸು ಕದಲಿತು, ಕೊಡ ಕಟ್ಟಲಿಲ್ಲ. ಗಂಡನ ಮಾತಿಗೆ ಮಗ ಪರಶುರಾಮ ಅವಳ ತಲೆ ಕಡಿದ. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಆ ಪರಶುರಾಮ ಒಬ್ಬ ರಕ್ಕಸನನ್ನು ಕೊಂದು, ಅವನ ರುಂಡ, ಚರ್ಮ, ನರಗಳಿಂದ ತಾಯಿಯ ಎದುರು ನುಡಿಸಲು ಚೌಡಿಕೆ ಮಾಡಿದ ಅನ್ನುವ ಕಥೆ ಯಲ್ಲವ್ವನ ಭಕ್ತರಲ್ಲಿದೆ. ಚೌಡಿಕೆ ನೋಡಿದವರಿಗೆ ಕಥೆ ಸುಳ್ಳು ಅನಿಸುವುದಿಲ್ಲ. ಪಾತ್ರೆಯಂಥ ಗುಂಡನೆಯ ಒಡಲು, ತಳಕ್ಕೆ ಬಿಗಿದ ಚರ್ಮ, ಅದರ ನಟ್ಟನಡುವಿನಿಂದ ಮೇಲಕ್ಕೆ ಎಳೆದು ಕಟ್ಟಿದ ತಂತಿ. ಎಡಗಂಕುಳಲ್ಲಿ ಇರುಕಿಕೊಂಡು ಬಲಗೈಯಿಂದ ಮೀಟಿದರೆ ದನಿ ಎದೆಯೊಳಗಿಂದಲೇ ಬಂದಂತಿರುತ್ತದೆ. ಹುಣ್ಣಿಮೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವವರ ನಡುವೆ ಆ ದನಿ ಕೇಳಿ ಬೆಳೆದವರಿಗೆ ಬೇರೆ ವಿವರಣೆ ಬೇಡ.

ಇಲ್ಲಿಗೆ ನಿಲ್ಲಿಸಿ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಹೋಲಿಕೆ ಕಂಡ ಕೂಡಲೇ “ನಮ್ಮದು ಅಲ್ಲಿಂದ ಬಂತು” ಅಥವಾ “ಅವರದೇ ಇಲ್ಲಿಂದ ಹೋಯಿತು” ಅಂತ ವಾಟ್ಸಾಪಿನಲ್ಲಿ ತಿರುಗಾಡಿಸುವ ಚಟ ನಮ್ಮಲ್ಲಿದೆ. ಗ್ರೀಕ್ ಮತ್ತು ಕನ್ನಡದ ನಂಟು ಅಂದರೆ ಎಲ್ಲರೂ ಎತ್ತುವುದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೇ ನಂಬರಿನ ಪಪೈರಸ್ ಹಾಳೆಯನ್ನು. 1903ರಲ್ಲಿ ಪ್ರಕಟವಾದ ಅದು 2ನೇ ಶತಮಾನದ ಗ್ರೀಕ್ ಪ್ರಹಸನ. ಚಾರಿಟಿಯನ್ ಅನ್ನುವ ಹುಡುಗಿ ಭಾರತದ ಕಡಲತೀರದಲ್ಲಿ ಚಂದ್ರದೇವಿಯ ಗುಡಿಯಲ್ಲಿ ಸೆರೆಯಾಗಿರುತ್ತಾಳೆ. ಬಿಡಿಸಿಕೊಂಡು ಹೋಗಲು ಬಂದವರ ಪೈಕಿ ಕೋಡಂಗಿಯೊಬ್ಬ ದೇವಿಯ ಕಾಣಿಕೆಯನ್ನೂ ಎತ್ತಿಕೊಂಡು ಹೋಗೋಣ ಅಂದರೆ ಅವಳು ಒಪ್ಪುವುದಿಲ್ಲ. ಎಲ್ಲೆಲ್ಲಿ ಚರ್ಮವಾದ್ಯ ಬಡಿಯಬೇಕು ಅನ್ನುವ ಗುರುತೂ ಹಾಳೆಯಲ್ಲಿವೆ. ಸ್ಥಳೀಯರ ಬಾಯಲ್ಲಿ ಬರುವ ತಿಳಿಯದ ಮಾತುಗಳು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಜ್ ಹೇಳಿದರು, ಆಮೇಲೆ ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಮೇಲೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅದು ಕನ್ನಡವೇ ಆಗಿದ್ದರೂ ಅದರಿಂದ ಚೌಡಿಕೆಗೂ ಲೈರ್‌ಗೂ ನಂಟು ಹುಟ್ಟುವುದಿಲ್ಲ. ಕುರಿ ಕಾಯುವವರು, ದನ ಕಟ್ಟುವವರು ಎಲ್ಲಿದ್ದರೂ ಅವರ ಕೈಗೆ ಸಿಗುವುದು ಕರುಳು, ಚರ್ಮ, ಬುರುಡೆ. ಕೊಂದ ಪ್ರಾಣಿಯ ಋಣವನ್ನು ಕಥೆಯಲ್ಲಿ ತೀರಿಸುವುದೂ ಎರಡೂ ಕಡೆ ಇದ್ದದ್ದೇ.

ಕಸೂತಿಗೂ ಇದೇ ಮಾತು ಅನ್ವಯಿಸುತ್ತದೆ. ಗ್ರೀಕ್ ಮಡಕೆಗಳ ಅಂಚಿನಲ್ಲಿ ಚೌಕಚೌಕವಾಗಿ ತಿರುಗಿ ತಿರುಗಿ ಹೋಗುವ ಗೆರೆ ಇರುತ್ತದೆ. ಅಂಥದೇ ಗೆರೆ ನಮ್ಮ ಕಸೂತಿಯ ಅಂಚಿನಲ್ಲೂ ಸಿಗುತ್ತದೆ. ಕಾರಣ ಸರಳ. ಕಸೂತಿಗೆ ಪೆನ್ಸಿಲ್ ಗುರುತು ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಎಳೆ ಎಣಿಸುವವಳಿಗೆ ಸಿಗುವ ದಾರಿಗಳೇ ಕಡಿಮೆ: ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ. ಅಷ್ಟರಲ್ಲೇ ಗೋಪುರ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಶಂಖ ಎಲ್ಲ ಮೂಡಬೇಕು. ನಾನು ನೋಡಿದ ಹಳೆಯ ಸೀರೆಗಳಲ್ಲಿ ದೇವಿಯ ಮುಖ ಒಂದರಲ್ಲೂ ಇಲ್ಲ. ಗುಡಿ ಇದೆ, ದೀಪ ಇದೆ, ತೇರು ಹೊರಟಿದೆ, ಊದುವ ಶಂಖವೂ ಇದೆ, ಒಳಗೆ ಕೂತವಳು ಮಾತ್ರ ಕಾಣುವುದಿಲ್ಲ. ದುಂಡನೆಯ ಕೆನ್ನೆ, ಕಣ್ಣು ಚೌಕದಲ್ಲಿ ಕೂಡುವುದಿಲ್ಲ ಅನ್ನುವುದು ಒಂದು ಕಾರಣ ಇರಬೇಕು. ಅಥವಾ ಸೀರೆ ಉಟ್ಟವಳೇ ದೇವಿ, ಮತ್ತ್ಯಾಕೆ ಇನ್ನೊಂದು ಮುಖ ಅಂತ ಇರಬಹುದು. ಎರಡನೆಯದು ನನ್ನ ಕಲ್ಪನೆ, ಮೊದಲನೆಯದರ ಮೇಲೆ ಪಂದ್ಯ ಕಟ್ಟಬಲ್ಲೆ.

ಹೊಲಿಗೆ ನಾಲ್ಕು: ಗಂವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಮೆಂಥಿ ಅಂದರೆ ಮೆಂತೆ ಕಾಳಿನಂತೆ ಕಾಣುವ ಅಡ್ಡ ಗುಣಿಸಿನ ಗುರುತು. ಮುರ್ಗಿ ಮೆಟ್ಟಿಲಿನಂತೆ ಏರುವುದು. ಗಂವಂತಿ ಎಲ್ಲದಕ್ಕಿಂತ ಚಂದ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಹೋಗಬೇಕು. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಮೇಲ್ಮೈಗೂ ಹಿಂಬದಿಗೂ ವ್ಯತ್ಯಾಸ ಇರಬಾರದು. ಅಡ್ಡ ಉದ್ದ ಗೆರೆಗಳ ಎಂಥ ಚಿತ್ತಾರ ಕೊಟ್ಟರೂ, ಅದು ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಈ ದಾರಿ ಸಿಕ್ಕೇ ಸಿಗುತ್ತದೆ. ಪ್ರತಿ ಗೆರೆಯನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡೇ ಸಲ ದಾಟಿ ಮೊದಲಿನ ಜಾಗಕ್ಕೆ ಬರಬಹುದು. ಬಿಇ ಓದುವಾಗ ಇದನ್ನು ಗ್ರಾಫ್ ಥಿಯರಿ ಅಂತ ಕಲಿಸಿದ್ದರು, 1736ರಲ್ಲಿ ಆಯ್ಲರ್ ಏಳು ಸೇತುವೆಗಳ ಲೆಕ್ಕ ಬಿಡಿಸಿದಲ್ಲಿಂದ ಶುರುವಾದ ಶಾಸ್ತ್ರ. ಮುಂದೆ ನೌಕರಿಯಲ್ಲಿ ಅದೇ ದಾರಿ ಹುಡುಕುವ ಪ್ರೋಗ್ರಾಮು ಎಷ್ಟು ಸಲ ಬರೆದೆನೋ. ನಮ್ಮ ಆಯಿ, ಅಂದರೆ ಅವ್ವನ ಅವ್ವ, ಒಲೆಯ ಮೇಲೆ ಅನ್ನ ಕುದಿಯುವ ಹೊತ್ತಿನಲ್ಲಿ ಇದನ್ನು ಮಾಡಿ ಏಳುತ್ತಿದ್ದಳು.

ಇದೇ ಗಂವಂತಿ ಹೊಲಿಗೆ ಯೂರೋಪಿನಲ್ಲೂ ಇದೆ. ಅಲ್ಲಿ ಅದರ ಹೆಸರು ಹೋಲ್ಬೈನ್ ಹೊಲಿಗೆ. ಹಾನ್ಸ್ ಹೋಲ್ಬೈನ್ ಸೂಜಿ ಹಿಡಿದವನಲ್ಲ, ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದ ಚಿತ್ರಕಾರ. 1536ರ ಸುಮಾರಿಗೆ ಅವನು ಬರೆದ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ತೋಳಿನ ತುದಿಯ ಕರಿ ದಾರದ ಕಸೂತಿ ಎಳೆ ಎಳೆಯಾಗಿ ಕಾಣುತ್ತದೆ. ಅಷ್ಟಕ್ಕೇ ಹೊಲಿಗೆಗೆ ಅವನ ಹೆಸರು ಬಂತು! ತೋಳಿಗೆ ಕಸೂತಿ ಹಾಕಿದವಳು ಯಾರು ಅಂತ ಕೇಳಿದವರಿಲ್ಲ.

ಈ ಹೆಸರಿನ ಪ್ರಶ್ನೆಗಾಗಿಯೇ ನಾನು ಇಷ್ಟು ದೂರ ಆಥೆನ್ಸಿಗೆ ಹೋಗಿಬಂದದ್ದು. ಅಲ್ಲಿ ಕ್ರಿ.ಪೂ. ಎರಡನೇ ಶತಮಾನದ ಕೊನೆ ಮತ್ತು ಒಂದನೇ ಶತಮಾನದ ಆರಂಭದ ಕೆಲವು ಕಲ್ಲುಬರಹ ಸಿಕ್ಕಿವೆ. ದೇವಿಯ ಪೆಪ್ಲೋಸಿಗೆ ಉಣ್ಣೆ ಕೆಲಸ ಮಾಡಿದ ಹುಡುಗಿಯರು ತಮ್ಮ ಕೆಲಸವನ್ನು ನೇಮದಿಂದ ಮಾಡಿದರು, ದೇವಿಗೆ ಬೆಳ್ಳಿಯ ಬಟ್ಟಲು ಅರ್ಪಿಸಿದರು, ಆದ್ದರಿಂದ ಊರು ಅವರನ್ನು ಗೌರವಿಸುತ್ತದೆ ಅಂತ ಠರಾವು. ಕೆಳಗೆ ಹುಡುಗಿಯರ ಹೆಸರು, ಇಂಥವನ ಮಗಳು, ಇಂಥ ಊರಿನವಳು ಅಂತ ಸಾಲು ಸಾಲಾಗಿ. ಅವರೆಲ್ಲ ದೊಡ್ಡ ಮನೆತನದವರು ಅನ್ನುವುದೂ ನಿಜ. ಆಥೆನ್ಸಿನ ಮನೆಮನೆಯಲ್ಲಿ ದಿನಾ ಮಗ್ಗ ತಳ್ಳುತ್ತಿದ್ದ ತೊತ್ತಿನ ಹೆಂಗಸರಿಗೆ ಯಾವ ಕಲ್ಲೂ ನೆಡಲಿಲ್ಲ. ಆದರೂ ಎರಡು ಸಾವಿರ ವರ್ಷದ ಹಿಂದೆ ಸೂಜಿ ನೂಲಿನ ಕೆಲಸಕ್ಕೆ ಹುಡುಗಿಯರ ಹೆಸರು ಕೆತ್ತಿಸಿದ ಊರು ಒಂದಿತ್ತಲ್ಲ. ಅಲ್ಲಿ ಬಟ್ಟೆ ಹೋಯಿತು, ಹೆಸರು ಉಳಿಯಿತು. ನಮ್ಮ ಟ್ರಂಕುಗಳಲ್ಲಿ ಬಟ್ಟೆ ಉಳಿದಿದೆ, ಹೆಸರು ಹೋಗಿದೆ.

ನಮ್ಮವರಿಗೆ ಕಲ್ಲಿನ ಮೇಲೆ ಹೆಸರು ಬರೆಸುವ ರೂಢಿ ಇರಲಿಲ್ಲವೇ? ಬೇಕಾದಷ್ಟಿತ್ತು. ಬೆಳಗಾವಿ ಕೋಟೆಯ ಒಳಗೆ ಕಮಲ ಬಸದಿ ಇದೆ, 72 ದಳದ ಕಮಲ ಛತ್ತಿನಿಂದ ತೂಗುತ್ತದೆ. 1204ರಲ್ಲಿ ಕಟ್ಟಿಸಿದವನು ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಣ. ಅದೇ ಕಾಲದ ಬೆಳಗಾವಿಯ ಎರಡು ಕನ್ನಡ ಶಾಸನಗಳು ಇವತ್ತು ಬ್ರಿಟಿಷ್ ಮ್ಯೂಜಿಯಂನಲ್ಲೇ ಇವೆ, ಪೆಪ್ಲೋಸಿನ ಕಲ್ಲು ಇರುವ ಅದೇ ಕಟ್ಟಡದಲ್ಲಿ. ರಾಜನ ಹೆಸರು, ಮಂತ್ರಿಯ ಹೆಸರು, ದಾನದ ವಿವರ ಎಲ್ಲ ಉಂಟು. (ರಟ್ಟರ ಮೊದಲಿನ ರಾಜಧಾನಿ ಸವದತ್ತಿ. ಪರಶುರಾಮನ ಹಗೆಯ ಹೆಸರೂ ಕಾರ್ತವೀರ್ಯ. ಯಲ್ಲವ್ವನ ಬುಡದಲ್ಲಿ ಆಳಿದ ಅರಸರು ಆ ಹೆಸರನ್ನೇ ನಾಲ್ಕು ಸಲ ಇಟ್ಟುಕೊಂಡರು ಅನ್ನುವುದು ನನಗೆ ಯಾವಾಗಲೂ ತಮಾಷೆ ಅನಿಸುತ್ತದೆ.) ಕಿತ್ತೂರಿನ ಹತ್ತಿರ ದೇಗಾಂವಿಯ ಕಮಲನಾರಾಯಣ ಗುಡಿಗೆ ಕದಂಬರ ರಾಣಿ ಕಮಲಾದೇವಿಯ ಹೆಸರೇ ನಿಂತಿದೆ. ರಾಣಿಯಾದರೆ ಹೆಂಗಸಿನ ಹೆಸರೂ ಉಳಿಯುತ್ತಿತ್ತು ಅಂತ ಆಯಿತು.

ದೇವಿಗೆ ಹುಡುಗಿಯರನ್ನು ಕೊಡುವುದರಲ್ಲೂ ಎರಡೂರಿಗೆ ವ್ಯತ್ಯಾಸ ಇದೆ, ಅದನ್ನು ನುಂಗಿ ಬರೆಯಬಾರದು. ಆಥೆನ್ಸಿನ ಆ ಹುಡುಗಿಯರು ಅವಧಿ ಮುಗಿದ ಮೇಲೆ ಮನೆಗೆ ಮರಳುತ್ತಿದ್ದರು. ನಮ್ಮಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿ ಮರಳುವಂತಿರಲಿಲ್ಲ. ಕೊರಳಲ್ಲಿ ಕೆಂಪು ಬಿಳಿ ಮಣಿಯ ಸರ, ತಲೆಯ ಮೇಲೆ ಜಗ, ಮುಂದೆ ಇಡೀ ಬದುಕು. ಬಹುತೇಕ ಎಲ್ಲರೂ ದಲಿತ ಕೇರಿಯ ಹುಡುಗಿಯರು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಚೌಡಿಕೆಯ ಪದ ಎಷ್ಟು ಚಂದ ಅಂತ ಬರೆಯುವ ನಮ್ಮಂಥವರು ಆ ಪದ ಯಾರ ಕೊರಳಿನಿಂದ ಬಂತು ಅನ್ನುವುದನ್ನೂ ಬರೆಯಬೇಕು. ಇತ್ತೀಚೆಗೆ ಅವರಲ್ಲೂ ಒಂದೆರಡು ಹೆಸರು ಊರಿನಾಚೆ ಕೇಳಿಬರುತ್ತಿವೆ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಹಾಡಿದವರಿಗೆ ಸಿಕ್ಕಷ್ಟೂ ಹೊಲಿದವರಿಗೆ ಸಿಕ್ಕಿಲ್ಲ.

ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಆ ಮಾನ್ಯತೆ ಪ್ರದೇಶಕ್ಕೆ ಮತ್ತು ಕಲೆಗೆ, ಕೈಗೆ ಅಲ್ಲ. ಬೆಳಗಾವಿಯ ಖಡೇಬಜಾರಿನಲ್ಲಿ, ಶಹಾಪುರದ ಸೀರೆ ಅಂಗಡಿಗಳಲ್ಲಿ ಈಗ ಕಂಪ್ಯೂಟರ್ ಮಷಿನ್ನಿನ ಕಸೂತಿ ಸೀರೆ ಬೇಕಾದಷ್ಟು. ಕೈಯದೋ ಮಷಿನ್ನಿನದೋ ನೋಡಬೇಕಿದ್ದರೆ ಸೆರಗು ತಿರುವಿ ಹಾಕಿ. ಮಷಿನ್ನಿಗೆ ಕೆಳಗಿನ ಬಾಬಿನ್‌ನಿಂದ ಇನ್ನೊಂದು ದಾರ ಬೇಕೇ ಬೇಕು, ಆದ್ದರಿಂದ ಹಿಂಬದಿ ಬೇರೆಯೇ ಕಾಣುತ್ತದೆ. ಮಷಿನ್ನಿನ ಸೀರೆ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಒಂದು ಸೀರೆಗೆ ತಿಂಗಳುಗಟ್ಟಲೆ ಕಣ್ಣು ಕೊಡುವ ಹೆಂಗಸಿಗೆ ಆ ತಿಂಗಳುಗಳ ಕೂಲಿ ಕೊಡಲು ನಾವು ತಯಾರಿಲ್ಲದಿದ್ದರೆ ಮಷಿನ್ನನ್ನು ಬೈದು ಏನು ಬಂತು?

ಸೂಜಿ ಹಿಡಿದವರು ತಾವೇ ಹೆಸರು ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಇಂಗ್ಲೆಂಡಿನಲ್ಲಿ ಜೇನ್ ಬೋಸ್ಟಾಕ್ ಅನ್ನುವವಳು 1598ರಲ್ಲೇ ತನ್ನ ಕಸೂತಿ ಬಟ್ಟೆಯ ಮೇಲೆ ಹೆಸರು ಮತ್ತು ಇಸವಿ ಹೊಲಿದಿದ್ದಾಳೆ. ನಮ್ಮ ಆಯಿ ನೂರಾರು ಎಳೆಯ ಲೆಕ್ಕವನ್ನು ತಲೆಯಲ್ಲಿ ಹಿಡಿಯುತ್ತಿದ್ದಳು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳ ಕಾಲದ ನಮ್ಮೂರ ಹೆಂಗಸರಿಗೆ ಅಕ್ಷರ ಕಲಿಸಿದವರಿಲ್ಲ. ಕಲಿಸಿದ್ದರೂ ಕನ್ನಡದ ದುಂಡು ಅಕ್ಷರ ಚೌಕದಲ್ಲಿ ಸುಲಭಕ್ಕೆ ಕೂಡುವಂಥದ್ದಲ್ಲ. ಹಳೆಯ ಕಂಪ್ಯೂಟರ್ ಪರದೆಗೆ ಚುಕ್ಕಿ ಚುಕ್ಕಿಯಾಗಿ ಕನ್ನಡ ಫಾಂಟ್ ಕೂಡಿಸಿದವರಿಗೆ ಆ ಕಷ್ಟ ಗೊತ್ತು.

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಇದೆ. ಕರಿ ರೇಷ್ಮೆ, ಸೆರಗಿನ ಕಡೆ ಗೋಪುರದ ಸಾಲು, ಅದರ ಕೆಳಗೆ ತೊಟ್ಟಿಲು. ಖಾನಾಪುರದ ಮಳೆಗಾಲದಲ್ಲಿ ಬಟ್ಟೆ ಉಳಿಸುವುದು ಅಂದರೆ ಮಗು ಸಾಕಿದಂತೆ, ಬಿಸಿಲು ಬಂದಾಗಲೆಲ್ಲ ತೆಗೆದು ಒಣಗಿಸಬೇಕು. ಅದು ಆಯಿಯ ಕೈಯದಲ್ಲ, ಅವಳ ಮದುವೆಯಲ್ಲಿ ಬಂದದ್ದು. ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಓಣಿಯ ಮೂವರು ಮುದುಕಿಯರನ್ನು ಕೂರಿಸಿಕೊಂಡು ಯಾರು ಹಾಕಿದ್ದು ಅಂತ ಕೇಳಿದೆ. ಒಬ್ಬಾಕೆ ಕನ್ನಡಕ ಏರಿಸಿ ಮೊದಲು ಹಿಂಬದಿ ತಿರುವಿ ನೋಡಿದಳು. ತೊಟ್ಟಿಲಿನ ಹಗ್ಗದ ಮೇಲೆ ಬೆರಳಾಡಿಸಿದಳು.

“ಇದು ನಂದಗಡದ ಕಡೀ ಕೈ ಅಲ್ಲೋ ತಮ್ಮಾ, ಬೀಡಿ ಕಡೀದು. ಹಗ್ಗಕ್ಕ ಮೂರ್ ಎಳಿ ಬಿಟ್ಟಾಳ ನೋಡ. ಹಿಂಗ ಬಿಡಾಕಿ ಒಬ್ಬಾಕೀನ ಇದ್ಲು.”

“ಹೆಸರೇನಾಯಿ ಅಕೀದು?”

“ಹೆಸರ ಯಾರಿಗ್ ಗೊತ್ತಪಾ. ದೊಡ್ಡ ಬಾವಿ ಮನಿ ಸಣ್ಣ ಸೊಸಿ ಅಂತಿದ್ರು. ಎಡಗೈಲೆ ಹೊಲಿತಿದ್ಲು.”